ಪಂಪಾ, ಪುಡಿಯಾ?

ಉಬ್ಬಸ ನನಗೆ ಚಿಕ್ಕಂದಿನಿಂದಲೂ ಇದೆ. ನಮ್ಮೂರು ಸಾಗರದಲ್ಲಿ ಮಳೆ ಹಿಡಿದು ಗೋಡೆಗೆ ಬೂಷ್ಟು ಬಂತೆಂದರೆ ಸಾಕು, ರಾತ್ರಿ ಎದೆಯೊಳಗೆ ಸಿಳ್ಳೆ ಶುರು. ಹಾಗಾಗಿ ಔಷಧಿಯನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಸಾಧನಗಳಾದ ಪುಡಿ ಇನ್ಹೇಲರ್, ಪಂಪು (ಒತ್ತಿದರೆ ಔಷಧಿ ಚಿಮ್ಮುವ ಇನ್ಹೇಲರ್), ಸ್ಪೇಸರ್, ನೆಬ್ಯುಲೈಸರ್ ಎಲ್ಲದರ ಜೊತೆಗೂ ಏಗಿದ್ದೇನೆ.

ಮೊದಲು ಸಿಕ್ಕಿದ್ದು ಪುಡಿ ಇನ್ಹೇಲರ್. ಕ್ಯಾಪ್ಸೂಲ್ ಸಿಕ್ಕಿಸಿ, ಬುಡ ತಿರುಗಿಸಿ, ಬಾಯಿಗಿಟ್ಟು ಜೋರಾಗಿ ಎಳೆಯಬೇಕು. ಪುಡಿಯಲ್ಲಿ ಲ್ಯಾಕ್ಟೋಸ್ ಇರುವುದರಿಂದ ನಾಲಿಗೆಗೆ ಚೂರು ಸಿಹಿ ತಾಗುತ್ತದೆ. ಬಿಚ್ಚಿ ನೋಡಿದಾಗ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆದರಾಯಿತು. ಈ ಲೆಕ್ಕ ನನಗೆ ಇಷ್ಟ. (ಪಕ್ಕದ ಮನೆ ಅಜ್ಜ ಒಂದು ವಾರ ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿ, "ಈ ಮಾತ್ರೆ ಏನೂ ನಾಟೋದಿಲ್ಲ ಮಾರಾಯ್ತಿ" ಅಂದಿದ್ದರು!) ಆದರೆ ಪುಡಿಗೆ ತೇವ ಆಗಿಬರುವುದಿಲ್ಲ. ಒದ್ದೆ ಕೈಯಲ್ಲಿ ಮುಟ್ಟಿದರೆ, ಮರೆತು ಅದರೊಳಗೇ ಉಸಿರು ಬಿಟ್ಟರೆ, ಪುಡಿ ಗಂಟು ಕಟ್ಟುತ್ತದೆ. ಇನ್ನೂ ದೊಡ್ಡ ತೊಂದರೆ ಬೇರೆ ಇದೆ. ಪುಡಿಯನ್ನು ಒಳಗೆ ಒಯ್ಯುವುದು ನಮ್ಮ ಉಸಿರಿನ ಬಲವೇ. ದಮ್ಮು ಕಟ್ಟಿದಾಗ ಆ ಬಲ ಎಲ್ಲಿಂದ ತರುವುದು?

ಪಂಪಿಗೆ ಬಲ ಬೇಡ, ಹೊಂದಾಣಿಕೆ ಬೇಕು. ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ಎಳೆಯಲು ಶುರು ಮಾಡುತ್ತಿದ್ದಂತೆ ಒತ್ತಬೇಕು. ಎಳೆತ ಮಾತ್ರ ನಿಧಾನ. ಆಮೇಲೆ 10 ಎಣಿಸುವವರೆಗೆ ಉಸಿರು ಹಿಡಿಯಬೇಕು. ಪುಡಿಯ ಅಭ್ಯಾಸದಲ್ಲಿ ನಾನು ಇದನ್ನೂ ಜೋರಾಗಿ ಎಳೆಯುತ್ತಿದ್ದೆ. ಔಷಧಿಯೆಲ್ಲ ಗಂಟಲಿಗೆ ತಣ್ಣಗೆ ಬಡಿದು ಅಲ್ಲೇ ನಿಲ್ಲುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು, ಸುಮ್ನೆ ದುಡ್ಡು ದಂಡ. ಇನ್ನೊಂದು ಮೋಸ ಅದರ ಸದ್ದು. ಔಷಧಿ ಮುಗಿದರೂ ಒಳಗೆ ಗ್ಯಾಸ್ ಉಳಿದಿರುತ್ತದೆ, ಅಲ್ಲಾಡಿಸಿದರೆ ತುಂಬಿದಂತೆಯೇ ಕೇಳುತ್ತದೆ. ಎಣಿಕೆ ತೋರಿಸುವ ಕಿಂಡಿ ಇರುವುದನ್ನೇ ಕೇಳಿ ಕೊಳ್ಳಿ.

ಸ್ಪೇಸರ್ ಸಿಕ್ಕ ಮೇಲೆ ಪಂಪಿನ ಮೇಲಿದ್ದ ಮುನಿಸು ಹೋಯಿತು. ಪಂಪಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬಾಟಲಿ, ಅಷ್ಟೇ. ಒಮ್ಮೆ ಒತ್ತಿ, ನಾಲ್ಕೈದು ಸಲ ಮಾಮೂಲಿಯಾಗಿ ಉಸಿರಾಡಿದರೂ ಔಷಧಿ ಇಳಿಯುತ್ತದೆ. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಬೇಡಿ. ಒರೆಸಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧಿ ಬಾಟಲಿಯ ಒಳಗೋಡೆಗೇ ಅಂಟುತ್ತದೆ. ಸೋಪು ನೀರಲ್ಲಿ ಅದ್ದಿ, ಹಾಗೇ ಒಣಗಲು ಬಿಡಿ.

ನೆಬ್ಯುಲೈಸರ್ ಅಂದರೆ ಔಷಧಿಯನ್ನು ಮಂಜಾಗಿಸಿ ಕೊಡುವ ಯಂತ್ರ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಿಕ್ಸಿಯಂತೆ ಸದ್ದು, ಹತ್ತು ನಿಮಿಷದ ಕೂರಾಟ, ಮೇಲೆ ಕರೆಂಟು ಬೇಕು. ನಮ್ಮೂರ ಮಳೆಗಾಲದಲ್ಲಿ ದಮ್ಮು ಬರುವ ಹೊತ್ತಿಗೇ ಕರೆಂಟು ಹೋಗುತ್ತದೆ, ಅಲ್ವಾ?

ಡಾಕ್ಟರನ್ನು ಕೇಳಿಯೇ ಈಗ ಹೀಗೆ ಮಾಡಿಕೊಂಡಿದ್ದೇನೆ. ದಿನಾ ಬೆಳಿಗ್ಗೆ ಸಂಜೆಯ ಸ್ಟೀರಾಯ್ಡ್‌ಗೆ (ಶ್ವಾಸನಾಳದ ಊತ ತಗ್ಗಿಸುವ ಔಷಧಿ) ಪುಡಿ, ಮರೆಯದೆ ಬಾಯಿ ಮುಕ್ಕಳಿಸುತ್ತೇನೆ. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಕೂರುತ್ತದೆ. ದಮ್ಮು ಕಟ್ಟಿದರೆ ಪಂಪು, ಸ್ಪೇಸರ್ ಹಾಕಿಯೇ. ಬಸ್ಸಲ್ಲಿ ಅದನ್ನು ತೆಗೆದರೆ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ನೋಡಲಿ ಬಿಡಿ.