ಮಕ್ಕಳ ಮೊದಲ ಪಾಪನಿವೇದನೆಯ ಸಿದ್ಧತಾ ತರಗತಿ: ಒಂದು ವಿಮರ್ಶೆ

ದಕ್ಷಿಣ ಕೊಡಗಿನ ಕಥೋಲಿಕ ಧರ್ಮಕೇಂದ್ರವೊಂದು (ಚರ್ಚ್) ಬೇಸಿಗೆ ರಜೆಯಲ್ಲಿ ನಡೆಸುವ, ಮೊದಲ ಪಾಪನಿವೇದನೆಗೆ, ಅಂದರೆ ಮಾಡಿದ ಪಾಪಗಳನ್ನು ಗುರುಗಳ ಮುಂದೆ ಹೇಳಿಕೊಂಡು ಕ್ಷಮೆ ಪಡೆಯುವ ಸಂಸ್ಕಾರಕ್ಕೆ, ಮಕ್ಕಳನ್ನು ಸಿದ್ಧಗೊಳಿಸುವ ತರಗತಿಗೆ ಈ ವರ್ಷ ನಮ್ಮ ಮಗಳನ್ನು ಕಳುಹಿಸಿದ್ದೆವು. ಪೋಷಕರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದಾದ್ದರಿಂದ ಪಾಠದ ಬಹುಭಾಗವನ್ನು ನಾನೂ ಕೇಳಿದೆ. ಶುಲ್ಕವೇನೂ ಇಲ್ಲ.

ಎಂಟು ವರ್ಷದ ಕೂಸಿಗೆ ಎಂಥ ಪಾಪ ಎಂದು ನಮ್ಮ ಮನೆಗಳಲ್ಲಿ ಅಜ್ಜಿಯರು ಇಂದಿಗೂ ಕೇಳುವುದುಂಟು. 1910ರಲ್ಲಿ ಸಂತ ಹತ್ತನೆಯ ಪಯಸ್ ಜಗದ್ಗುರುಗಳು (ಪೋಪ್) ಸುಮಾರು ಏಳನೆಯ ವಯಸ್ಸಿನಲ್ಲಿ ಮೂಡುವ ವಿವೇಕವನ್ನೇ ಪಾಪನಿವೇದನೆ ಮತ್ತು ಪರಮಪ್ರಸಾದ ಸ್ವೀಕಾರದ (ಕಮ್ಯುನಿಯನ್) ಸಂಸ್ಕಾರಗಳಿಗೆ ಅಳತೆಗೋಲಾಗಿ ಇಟ್ಟರು. ತರಗತಿಯ ಸಿಸ್ಟರ್ ಆ ವಿವೇಕದಿಂದಲೇ ಪಾಠ ಆರಂಭಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಕೈಜಾರಿ ಲೋಟ ಒಡೆದದ್ದು ಪಾಪವಲ್ಲ, ಜ್ವರ ಬಂದು ಭಾನುವಾರದ ಪೂಜೆಗೆ ಹೋಗಲಾಗದ್ದೂ ಪಾಪವಲ್ಲ. ಆದರೆ ಒಡೆದ ಲೋಟದ ಅಪವಾದವನ್ನು ತಿಳಿದೂ ತಿಳಿದೂ ತಮ್ಮನ ತಲೆಗೆ ಕಟ್ಟಿದರೆ ಅದು ಪಾಪ ಎಂದು ಅವರು ವಿವರಿಸಿದಾಗ, ಅಲ್ಲಿಯವರೆಗೆ ಮುದುಡಿ ಕುಳಿತಿದ್ದ ಮಕ್ಕಳೆಲ್ಲ ಒಟ್ಟಿಗೆ ಪ್ರಶ್ನೆ ಕೇಳತೊಡಗಿದರು.

ಕ್ಷಮೆಯ ಪಾಠವನ್ನು ಬೈಬಲಿನಲ್ಲಿ ಬರುವ ಸುಂಕದವ ಜಕ್ಕಾಯನ ಕಥೆಯಿಂದ ಕಲಿಸಿದರು. ಯೇಸು ಮೊದಲು ಅವನ ಮನೆಗೆ ಬರುತ್ತೇನೆಂದರು, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಅವನು ಹೇಳಿದ್ದು ಆಮೇಲೆ ಎಂಬ ಕ್ರಮವನ್ನು ಅವರು ಒತ್ತಿ ಹೇಳಿದ್ದರಿಂದ, ಪ್ರಾಯಶ್ಚಿತ್ತವೆಂಬುದು ಕ್ಷಮೆಗೆ ಕೊಡುವ ಬೆಲೆಯಲ್ಲ, ಕೆಡಿಸಿದ್ದನ್ನು ಸರಿಪಡಿಸುವ ಕರ್ತವ್ಯ ಎಂಬುದು ಮಕ್ಕಳಿಗೆ ಮಾತ್ರವಲ್ಲ, ಹಿಂದೆ ಕುಳಿತಿದ್ದ ನಮಗೂ ಸ್ಪಷ್ಟವಾಯಿತು. ಕದ್ದ ಪೆನ್ಸಿಲನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿದರೆ ಸಾಲದು ಎಂದು ಮಗಳು ಮನೆಗೆ ಬಂದು ಅಣ್ಣನಿಗೆ ಉಪದೇಶಿಸಿದ್ದಾಳೆ.

ಪಾಪನಿವೇದನೆಯ ಗೋಪ್ಯತೆಯ ಬಗ್ಗೆ ಕೊಟ್ಟ ವಿವರಣೆಯೂ ಖಚಿತವಾಗಿತ್ತು. "ಫಾದರ್ ನಮ್ಮ ಅಮ್ಮನಿಗೆ ಹೇಳುತ್ತಾರಾ?" ಎಂದು ಹುಡುಗನೊಬ್ಬ ಕೇಳಿದ್ದಕ್ಕೆ, ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ, ಇದು ಧರ್ಮಸಭೆಯ ಕಟ್ಟಳೆ ಎಂದು ಗುರುಗಳೇ ಬಂದು ಹೇಳಿದರು. ಜೊತೆಗೆ, ಏನು ಹೇಳಿದೆ, ಎಷ್ಟು ಹೇಳಿದೆ ಎಂದು ಮಕ್ಕಳನ್ನು ಮನೆಯಲ್ಲಿ ಕೆದಕಬಾರದೆಂದು ನಮ್ಮ ಕಡೆ ತಿರುಗಿ ಎಚ್ಚರಿಸಿದ್ದು ಅತ್ಯಂತ ಅಗತ್ಯವಾಗಿತ್ತು.

ಕೊರತೆ ಇರುವುದು ಆತ್ಮಶೋಧನೆಯ ಹಾಳೆಯಲ್ಲಿ. ಬೈಬಲಿನ ಹತ್ತು ಕಟ್ಟಳೆಗಳ ಕ್ರಮದಲ್ಲಿ ದೊಡ್ಡವರಿಗಾಗಿ ಬರೆದಿದ್ದ ಉದ್ದದ ಪಟ್ಟಿಯೊಂದನ್ನು ಜೆರಾಕ್ಸ್ ಮಾಡಿಸಿ ಹಂಚಿದ್ದರು. ಮಕ್ಕಳು ಅದನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯೆಂದೇ ಭಾವಿಸಿ, ಅರ್ಥವಾಗದ ಪಾಪಗಳಿಗೂ ಗುರುತು ಹಾಕತೊಡಗಿದರು. ಮಾಡದ ಪಾಪವನ್ನು ಒಪ್ಪಿಕೊಳ್ಳುವ ಅಭ್ಯಾಸ ಮಗುವಿನ ಮನಸ್ಸಾಕ್ಷಿಯನ್ನು ತಿದ್ದುವುದಿಲ್ಲ, ಗೊಂದಲಕ್ಕೆ ದೂಡುತ್ತದೆ. ಮನೆ, ಶಾಲೆ, ಆಟದ ಬಯಲು, ಪ್ರಾರ್ಥನೆ ಇವನ್ನು ಕುರಿತ ನಾಲ್ಕಾರು ಸರಳ ಪ್ರಶ್ನೆಗಳಿದ್ದರೆ ಸಾಕಿತ್ತು. ಮೊದಲ ದಿನಗಳ ಅಷ್ಟು ಒಳ್ಳೆಯ ಬೋಧನೆಯ ಬಳಿಕ ಈ ಹಾಳೆ ಏಕೆ ಬೇಕಾಯಿತೋ ತಿಳಿಯದು.

ಭಾಷೆಯ ವಿಷಯದಲ್ಲಿ ಮಾತ್ರ ಅವರ ಔದಾರ್ಯ ದೊಡ್ಡದು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರನು ವಿರಾಜಪೇಟೆಯಲ್ಲಿ ನೆಲೆ ಕೊಟ್ಟಂದಿನಿಂದ ಈ ಸೀಮೆಯ ಕಥೋಲಿಕರು ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು ಭಾಷೆಯಾಡುವವರೇ; ತೋಟದ ಲೈನ್ ಮನೆಗಳಲ್ಲಿ ತಮಿಳು, ಮಲಯಾಳಂಗಳೂ ಇವೆ. ಪಾಠ ಕನ್ನಡದಲ್ಲೇ ನಡೆದರೂ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಮನೆಮಾತಿನಲ್ಲಿ ಕಲಿಯಲು ಅವಕಾಶವಿತ್ತು.

ಸೇರಿಸಲು ಬಯಸುವವರು, ಮಗುವಿನ ಜ್ಞಾನಸ್ನಾನ (ಬ್ಯಾಪ್ಟಿಸಂ) ಬೇರೆ ಧರ್ಮಕೇಂದ್ರದಲ್ಲಿ ಆಗಿದ್ದರೆ ಅಲ್ಲಿಂದ ಪ್ರಮಾಣಪತ್ರವನ್ನು ಮುಂಚಿತವಾಗಿ ತರಿಸಿಟ್ಟುಕೊಳ್ಳಬೇಕು. ತೋಟಗಳಿಂದ ಬರುವವರು ಬಸ್ಸಿನ ಹೊತ್ತನ್ನು ಸಿಸ್ಟರ್‌ಗೆ ಮೊದಲೇ ತಿಳಿಸಿದರೆ ತಡವಾಗಿ ಬಂದ ಮಕ್ಕಳಿಗೂ ಪಾಠವನ್ನು ಮತ್ತೊಮ್ಮೆ ಹೇಳಿಕೊಡುತ್ತಾರೆ. ಆ ಹಾಳೆಯನ್ನು ಮಾತ್ರ ಮಗುವಿನ ಪಕ್ಕದಲ್ಲೇ ಕುಳಿತು ಓದಿಸಿ.