ಗೂಗಲ್ ಲೆನ್ಸಾ, ಹಳೇ ಸರ್ವೇನಾ?

ಹಳೇ ಕಟ್ಟಡದಲ್ಲಿ ಏನಾದ್ರೂ ವಿಚಿತ್ರ ಕಂಡರೆ ಅದರ ಕಥೆ ಎಲ್ಲಿ ಹುಡುಕೋದು? ಇಂಗ್ಲೆಂಡಿನ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನ ಹೆಬ್ಬಾಗಿಲ ಮೇಲೆ ರಾಜ ಎಂಟನೇ ಹೆನ್ರಿಯ ಮೂರ್ತಿ ಇದೆ. ರಾಜದಂಡ ಇರಬೇಕಾದ ಕೈಯಲ್ಲಿ ಕುರ್ಚಿಯ ಕಾಲು! ಯಾರೋ ತಮಾಷೆಗೆ ಸಿಕ್ಕಿಸಿದ್ದಂತೆ. ಇಂಥ ಹೆಸರುವಾಸಿ ವಿಚಿತ್ರಕ್ಕೆ ಗೂಗಲ್ ಲೆನ್ಸ್ ಸಾಕು. ಫೋಟೋ ಕೊಟ್ಟರೆ ಜಾಗದ ಹೆಸರು ಸಿಗುತ್ತೆ, ಕಥೆಯೂ ಹಿಂದೆಯೇ ಬರುತ್ತೆ.

ಈಗ ಮೂರ್ತಿಯ ಕೆಳಗೆ ನೋಡಿ. ಸಾಲಾಗಿ ಗುರಾಣಿಗಳ ಮೇಲೆ ಬಣ್ಣದ ಲಾಂಛನಗಳು, ಒಂದು ಗುರಾಣಿ ಮಾತ್ರ ಖಾಲಿ. ಬಣ್ಣ ಉದುರಿದೆಯಾ ಅಂತ ಅನುಮಾನ ಬರುತ್ತೆ, ಅಲ್ವಾ? ಇಲ್ಲಿ ಲೆನ್ಸನ್ನು ನಾನು ನಂಬಲ್ಲ. ಅದು ಹೋಲುವ ಚಿತ್ರ ಹುಡುಕುತ್ತೆ, ಖಾಲಿ ಜಾಗ ಯಾವುದನ್ನು ತಾನೇ ಹೋಲೀತು? ಇಂಥ ಕಡೆ ಪದಗಳಲ್ಲಿ ಹುಡುಕಬೇಕು. ಕಾಲೇಜು ಶುರುವಾಗಿದ್ದು 1546ರಲ್ಲಿ, ಆದರೆ ಬಾಗಿಲು ಅದಕ್ಕೂ ಮುಂಚೆ ಅಲ್ಲಿದ್ದ ಕಾಲೇಜು, ಕಿಂಗ್ಸ್ ಹಾಲ್‌ನದು. ಆ ಹಾಲ್ ಸ್ಥಾಪಿಸಿದ್ದು ರಾಜ ಮೂರನೇ ಎಡ್ವರ್ಡ್. ಲಾಂಛನಗಳು ಅವನವು, ಅವನ ಮಕ್ಕಳವು. ಖಾಲಿ ಇರೋದು ವಿಲಿಯಂ ಆಫ್ ಹ್ಯಾಟ್‌ಫೀಲ್ಡ್‌ನದು. ಲಾಂಛನ ಸಿಗುವ ಮುಂಚೆಯೇ ಆ ಕೂಸು ತೀರಿಕೊಂಡಿತ್ತು.

ಇಂಥ ವಿವರ ಎಲ್ಲಿ ಸಿಗುತ್ತೆ? ಐತಿಹಾಸಿಕ ಕಟ್ಟಡಗಳನ್ನು ದಾಖಲಿಸುವ ಇಂಗ್ಲೆಂಡಿನ ರಾಯಲ್ ಕಮಿಷನ್ 1959ರಲ್ಲಿ ಕೇಂಬ್ರಿಡ್ಜ್ ಕಟ್ಟಡಗಳ ಸರ್ವೇ ಅಚ್ಚು ಹಾಕಿತು. ಬ್ರಿಟಿಷ್ ಹಿಸ್ಟರಿ ಆನ್‌ಲೈನ್‌ ಅನ್ನೋ ವೆಬ್‌ಸೈಟಿನಲ್ಲಿ ಅದನ್ನು ಓದಬಹುದು. ಓದೋಕೆ ಒಣ ಒಣ, ನಿಜ. ಅರ್ಧ ಗಂಟೆ ಸುಮ್ನೆ ಹೋಗುತ್ತೆ. ಆದರೆ ಕಲ್ಲು ಕಲ್ಲಿಗೂ ಲೆಕ್ಕ ಇದೆ.

ಕಟ್ಟಡ ಯಾವುದಂತಲೇ ಗೊತ್ತಿಲ್ವಾ? ಮೊದಲು ಲೆನ್ಸ್. ಹೆಸರು ಗೊತ್ತು, ಆದರೆ ‘ಇದು ಯಾಕೆ ಹೀಗಿದೆ’ ಅನ್ನೋದು ಬೇಕಾ? ಸೀದಾ ಸರ್ವೇಗೆ ಹೋಗಿ.