ಅನಾನಸ್ ಸ್ಮೂದಿಗೆ ಯಾವುದು ಸರಿ: ಹಾಲು, ಮೊಸರು, ಬಾಳೆಹಣ್ಣು, ತೆಂಗಿನ ಹಾಲು

ಅನಾನಸ್ ಮತ್ತು ಮಾವಿನಹಣ್ಣನ್ನು ಸೇರಿಸಿ ಕೆನೆಯಂತೆ ನುಣುಪಾದ ಸ್ಮೂದಿಯನ್ನು ಮನೆಯಲ್ಲಿ ಮಾಡುವುದಾದರೆ ಅದಕ್ಕೆ ತೆಂಗಿನ ಹಾಲನ್ನೇ ಬಳಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಸುವಿನ ಹಾಲು, ಮೊಸರು, ಫ್ರೀಜರಿನಲ್ಲಿಟ್ಟ ಬಾಳೆಹಣ್ಣು ಮತ್ತು ತೆಂಗಿನ ಹಾಲು, ಈ ನಾಲ್ಕನ್ನೂ ಒಂದೇ ಮಿಕ್ಸಿಯಲ್ಲಿ, ಒಂದೇ ಅಳತೆಯ ಹಣ್ಣಿನೊಂದಿಗೆ ಮಾಡಿ ನೋಡಿದ್ದೇನೆ. ಸ್ಮೂದಿ ತೆಳ್ಳಗಾಗುವುದಕ್ಕೆ ಮಿಕ್ಸಿಯೇ ಕಾರಣವೆಂದು ತಿಳಿದು ದುಬಾರಿ ಬ್ಲೆಂಡರ್ ಕೊಳ್ಳಲು ಹೊರಟಿದ್ದ ನಾನು, ಡಬ್ಬದ ತೆಂಗಿನ ಹಾಲನ್ನು ತಂದು ಮಾಡಿದ ದಿನವೇ ಆ ಯೋಚನೆಯನ್ನು ಬಿಟ್ಟೆ. ಅಡುಗೆಗೆ ಆದ ಖರ್ಚಿನಲ್ಲಿ ಇಷ್ಟು ಸಾರ್ಥಕವೆನಿಸಿದ್ದು ಬೇರೊಂದಿಲ್ಲ.

ಹಸುವಿನ ಹಾಲಿನ ವಿಷಯವನ್ನು ಮೊದಲು ಹೇಳಬೇಕು, ಏಕೆಂದರೆ ಹೆಚ್ಚಿನವರು ಕೈಹಾಕುವುದು ಅದಕ್ಕೇ, ತೊಂದರೆಯಿರುವುದೂ ಅದರಲ್ಲೇ. ರುಬ್ಬಿದ ಕೂಡಲೇ ಕುಡಿದರೆ ರುಚಿ ಚೆನ್ನಾಗಿಯೇ ಇರುತ್ತದೆ. ಲೋಟವನ್ನು ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟರೆ ಅಂಚಿನಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣಿಸಿಕೊಳ್ಳುತ್ತವೆ, ಅಡಿಯಲ್ಲಿ ತಿಳಿನೀರು ನಿಲ್ಲುತ್ತದೆ, ನಾಲಿಗೆಯ ಹಿಂಭಾಗದಲ್ಲಿ ಒಂದು ಬಗೆಯ ಕಹಿ ಉಳಿಯುತ್ತದೆ. ಈ ಕಹಿ ಸಕ್ಕರೆಗೆ ಬಗ್ಗುವುದಿಲ್ಲ. ಜೇನುತುಪ್ಪ, ಏಲಕ್ಕಿ, ಚಿಟಿಕೆ ಉಪ್ಪು ಯಾವುದನ್ನು ಹಾಕಿದರೂ ಆ ಪದಾರ್ಥದ ರುಚಿ ಮುಗಿದ ಮೇಲೆ ಕಹಿ ಮತ್ತೆ ತಲೆಯೆತ್ತುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಕ್ರಿಯೆಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಅನಾನಸ್ ಹುಳಿಯಾದ ಹಣ್ಣು. ಹಾಲಿನ ಆಮ್ಲೀಯತೆ ಹೆಚ್ಚಿ ಪಿಎಚ್ ಸುಮಾರು 4.6ಕ್ಕೆ ಇಳಿದಾಗ ಅದರ ಮುಖ್ಯ ಪ್ರೋಟೀನ್ ಆದ ಕೇಸಿನ್ ಹೆಪ್ಪುಗಟ್ಟುತ್ತದೆ, ಅಂದರೆ ಹಾಲು ಒಡೆಯುತ್ತದೆ. ಇದರ ಜೊತೆಗೆ ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಪ್ರೋಟೀನುಗಳನ್ನು ತುಂಡರಿಸುವುದೇ ಅದರ ಕೆಲಸವಾದ್ದರಿಂದ ಅದು ಕೇಸಿನನ್ನೂ ಕತ್ತರಿಸುತ್ತಾ ಹೋಗುತ್ತದೆ, ಹಾಗೆ ಉಂಟಾಗುವ ಚಿಕ್ಕ ತುಣುಕುಗಳಲ್ಲಿ ಹಲವು ಕಹಿಯಾಗಿರುತ್ತವೆ. ಹೊತ್ತು ಕಳೆದಂತೆ ಕಹಿ ಹೆಚ್ಚುವುದು ಇದೇ ಕಾರಣಕ್ಕೆ. ಬೆಳಿಗ್ಗೆ ಮಾಡಿ ಮಧ್ಯಾಹ್ನಕ್ಕೆಂದು ಫ್ರಿಜ್‌ನಲ್ಲಿಟ್ಟ ಸ್ಮೂದಿ ಕುಡಿಯಲಾಗದಷ್ಟು ಕಹಿಯಾಗಿದ್ದರೆ ಹಣ್ಣು ಕೆಟ್ಟಿತ್ತೆಂದೋ ಹಾಲು ಹಳೆಯದೆಂದೋ ಅನುಮಾನಪಡಬೇಕಾಗಿಲ್ಲ.

ಹಣ್ಣನ್ನು ಫ್ರೀಜರಿನಲ್ಲಿಟ್ಟರೆ ಈ ಕಿಣ್ವ ಸಾಯುತ್ತದೆ ಎಂದು ನಂಬುವವರಿದ್ದಾರೆ. ಹಾಗಾಗುವುದಿಲ್ಲ, ಶೀತದಲ್ಲಿ ಅದರ ಕೆಲಸ ನಿಧಾನವಾಗುತ್ತದೆ, ಹಣ್ಣು ಕರಗಿದ ಮೇಲೆ ಮತ್ತೆ ಚುರುಕಾಗುತ್ತದೆ. ಅದನ್ನು ನಿಷ್ಕ್ರಿಯಗೊಳಿಸುವುದು ಬಿಸಿ ಮಾತ್ರ. ಡಬ್ಬದಲ್ಲಿ ಬರುವ ಅನಾನಸನ್ನು ಸಂಸ್ಕರಿಸುವಾಗ ಬಿಸಿ ಮಾಡಿರುವುದರಿಂದ ಹಾಲಿನೊಂದಿಗೆ ರುಬ್ಬಿದರೂ ಈ ಕಹಿ ಹುಟ್ಟುವುದಿಲ್ಲ. ತಾಜಾ ಹೋಳುಗಳನ್ನು ಅದರದೇ ರಸದಲ್ಲಿ ಕೆಲವು ನಿಮಿಷ ಕುದಿಸಿ ಆರಿಸಿಕೊಂಡರೂ ಆಗುತ್ತದೆ. ಆದರೆ ಕುದಿಸಿದ ಅನಾನಸಿಗೆ ಜಾಮಿನ ಪರಿಮಳ ಬಂದುಬಿಡುತ್ತದೆ, ತಾಜಾ ಹಣ್ಣಿನ ಆ ಚುರುಕಾದ ವಾಸನೆ ಹೋಗುತ್ತದೆ; ಯಾವುದಕ್ಕಾಗಿ ಅನಾನಸ್ ಹಾಕುತ್ತೇವೋ ಅದನ್ನೇ ಕಳೆದುಕೊಂಡು ಹಾಲನ್ನು ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಪರಂಗಿಯಲ್ಲಿಯೂ, ಕಿವಿ ಹಣ್ಣಿನಲ್ಲಿಯೂ ಇದೇ ಬಗೆಯ ಕಿಣ್ವಗಳಿವೆ. ಮಾವಿನಹಣ್ಣನ್ನು ಮಾತ್ರ ಹಾಕುವುದಾದರೆ ಹಾಲಿನ ಮೇಲೆ ನನ್ನ ಯಾವ ದೂರೂ ಇಲ್ಲ.

ಮೊಸರು ಈಗಾಗಲೇ ಹೆಪ್ಪುಗಟ್ಟಿರುವುದರಿಂದ ಒಡೆಯುವ ಭಯ ಅದರಲ್ಲಿ ಇಲ್ಲ, ನೀರು ಬಸಿದ ಗಟ್ಟಿ ಮೊಸರಾದರೆ ಸ್ಮೂದಿ ಚಮಚ ನಿಲ್ಲುವಷ್ಟು ದಪ್ಪವಾಗುತ್ತದೆ. ಆದರೆ ಅದರಲ್ಲಿಯೂ ಇರುವುದು ಅದೇ ಕೇಸಿನ್ ಆದ್ದರಿಂದ ಕಹಿ ತಡವಾಗಿಯಾದರೂ ಬರುತ್ತದೆ. ಹುಳಿಯ ಮೇಲೆ ಹುಳಿ ಸೇರಿ ಮಾವಿನ ಸಿಹಿಯೂ ಹಿಂದೆ ಸರಿಯುತ್ತದೆ.

ಐಸ್‌ಕ್ರೀಮ್ ಹಾಕಿದರೆ ಅದು ಮಿಲ್ಕ್‌ಶೇಕ್ ಆಗುತ್ತದೆ, ಆ ಮಾತು ಬೇರೆ.

ಬಾಳೆಹಣ್ಣಿನ ಬಗ್ಗೆ ನನಗೆ ಗೌರವವಿದೆ. ಚೆನ್ನಾಗಿ ಕಳಿತ ಹಣ್ಣನ್ನು ಬಿಲ್ಲೆಗಳಾಗಿ ಕತ್ತರಿಸಿ, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿ, ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ರುಬ್ಬಿದರೆ ಯಾವ ಕೊಬ್ಬೂ ಇಲ್ಲದೆಯೇ ಐಸ್‌ಕ್ರೀಮಿನಷ್ಟು ನುಣುಪು ಸಿಗುತ್ತದೆ. ಖರ್ಚಿನ ದೃಷ್ಟಿಯಿಂದ ನಾಲ್ಕರಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ, ಸಕ್ಕರೆಯ ಅಗತ್ಯವೂ ಬೀಳುವುದಿಲ್ಲ. ಇಷ್ಟೆಲ್ಲ ಗುಣವಿದ್ದೂ ನಾನು ಅದನ್ನು ಎರಡನೆಯ ಸ್ಥಾನದಲ್ಲಿಡುವುದಕ್ಕೆ ಒಂದೇ ಕಾರಣ: ಲೋಟದಲ್ಲಿ ಯಾವ ಹಣ್ಣಿದ್ದರೂ ಕೊನೆಗೆ ಗೆಲ್ಲುವುದು ಬಾಳೆಯ ರುಚಿ. ಕಾಲು ಭಾಗಕ್ಕಿಂತ ಹೆಚ್ಚಾದರೆ ಅನಾನಸ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ತೆಂಗಿನ ಹಾಲಿನಲ್ಲಿ ಕೇಸಿನ್ ಇಲ್ಲ. ತಾಜಾ ಅನಾನಸಿನೊಂದಿಗೆ ರುಬ್ಬಿ ಫ್ರಿಜ್‌ನಲ್ಲಿಟ್ಟು ಸಂಜೆ ತೆಗೆದಾಗಲೂ ನನ್ನ ಲೋಟದಲ್ಲಿ ಕಹಿ ಕಾಣಿಸಲಿಲ್ಲ. ಮೇಲೆ ತೆಳುವಾಗಿ ಕೆನೆ ಕಟ್ಟಿತ್ತು, ಚಮಚದಿಂದ ಒಮ್ಮೆ ತಿರುವಿದೊಡನೆ ಬೆರೆತುಹೋಯಿತು. ಹಸುವಿನ ಹಾಲಿನಲ್ಲಿ ಕೊಬ್ಬು ಶೇಕಡಾ 4ರ ಆಸುಪಾಸಿನಲ್ಲಿದ್ದರೆ ಗಟ್ಟಿ ತೆಂಗಿನ ಹಾಲಿನಲ್ಲಿ ಅದರ ನಾಲ್ಕೈದು ಪಟ್ಟು ಇರುವುದುಂಟು, ಆದ್ದರಿಂದ ಅರ್ಧ ಲೋಟದಷ್ಟು ಹಾಕಿದರೂ ಸಾಕಾಗುತ್ತದೆ. ಅನಾನಸಿನ ಹುಳಿಯ ಮೊನೆಯನ್ನು ಅದು ಮೃದುಗೊಳಿಸುತ್ತದೆಯೇ ಹೊರತು ಮುಚ್ಚಿಹಾಕುವುದಿಲ್ಲ. ಪೋರ್ಟೊ ರಿಕೊ 1978ರಲ್ಲಿ ತನ್ನ ಅಧಿಕೃತ ಪಾನೀಯವೆಂದು ಘೋಷಿಸಿದ ಪೀನಾ ಕೊಲಾಡಾದಲ್ಲಿಯೂ ರಮ್ ಅನ್ನು ಬಿಟ್ಟರೆ ಉಳಿಯುವುದು ಅನಾನಸ್ ಮತ್ತು ತೆಂಗಿನ ಕೆನೆ ಇವೆರಡೇ. ಆ ಜೋಡಿ ಎಷ್ಟು ಹೊಂದುತ್ತದೆ ಎನ್ನುವುದು ಒಂದು ಗುಟುಕಿನಲ್ಲೇ ತಿಳಿಯುತ್ತದೆ.

ತೆಂಗಿನ ಹಾಲಿನ ಒಂದು ಹಟವನ್ನು ಮಾತ್ರ ತಿಳಿದಿರಬೇಕು. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಫ್ರಿಜ್‌ನಿಂದ ತೆಗೆದ ತೆಂಗಿನ ಹಾಲನ್ನು ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಹಣ್ಣಿನ ಮೇಲೆ ಸುರಿದು ರುಬ್ಬಿದರೆ ಕೊಬ್ಬು ಮೇಣದ ಚೂರಿನಂತೆ ಕಣಕಣವಾಗಿ ನಿಂತು ತುಟಿಗೆ, ಅಂಗುಳಿಗೆ ಅಂಟುತ್ತದೆ. ಇದಕ್ಕೆ ಪರಿಹಾರ ಸುಲಭ: ತೆಂಗಿನ ಹಾಲು ಹೊರಗಿನ ಉಷ್ಣತೆಯಲ್ಲಿರಲಿ, ಫ್ರೀಜ್ ಮಾಡದ ಒಂದು ಹಿಡಿ ಹಣ್ಣಿನೊಂದಿಗೆ ಮೊದಲು ಅದನ್ನು ನುಣ್ಣಗೆ ರುಬ್ಬಿಕೊಳ್ಳಬೇಕು, ಗಟ್ಟಿ ಹೋಳುಗಳನ್ನು ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಹೀಗೆ ಮಾಡಿದಾಗ ಕೊಬ್ಬು ಹಣ್ಣಿನ ತಿರುಳಿನಲ್ಲಿ ಮೊದಲೇ ಚದುರಿಹೋಗಿರುವುದರಿಂದ ತಣ್ಣಗಾದರೂ ಒಟ್ಟುಗೂಡಿ ಗಂಟಾಗುವುದಿಲ್ಲ.

ಡಬ್ಬದ ಹಾಲೋ, ಮನೆಯಲ್ಲಿ ಹಿಂಡಿದ ಹಾಲೋ ಎಂದರೆ, ಸುವಾಸನೆಯಲ್ಲಿ ಹಿಂಡಿದ್ದಕ್ಕೆ ಸಾಟಿಯಿಲ್ಲ. ಹೊಸ ತುರಿಗೆ ಬೆಚ್ಚಗಿನ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಸೋಸಿ ಹಿಂಡಿದರೆ, ಬಿಸುಪಿಗೆ ಕೊಬ್ಬು ಕರಗಿರುವುದರಿಂದ ತಣ್ಣೀರಿಗಿಂತ ಗಟ್ಟಿ ಹಾಲು ಬರುತ್ತದೆ. ಡಬ್ಬದ ಹಾಲಿನಲ್ಲಿ ಸಾಮಾನ್ಯವಾಗಿ ಗೋರಿಕಾಯಿ ಜಾತಿಯ ಬೀಜದಿಂದ ತೆಗೆದ ಗೌರ್ ಅಂಟನ್ನು ಸೇರಿಸಿರುತ್ತಾರೆ, ಸ್ಮೂದಿಯ ಮಟ್ಟಿಗೆ ಅದು ಅನುಕೂಲವೇ, ನೀರು ಬೇರ್ಪಡುವುದನ್ನು ಅದು ತಡೆಯುತ್ತದೆ. ಕೊಳ್ಳುವಾಗ ಹಿಂಬದಿಯ ಪಟ್ಟಿಯನ್ನು ಓದಿಯೇ ಕೊಳ್ಳಬೇಕು. ಸಿಹಿ ಸೇರಿಸಿದ ತೆಂಗಿನ ಕೆನೆಯ ಡಬ್ಬವೂ ನೋಡಲು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ, ಅದರಲ್ಲಿ ಸಕ್ಕರೆಯ ಪ್ರಮಾಣ ಬಹಳ ಹೆಚ್ಚು. ಕಳಿತ ಮಾವಿನೊಂದಿಗೆ ಅದು ಬಾಯಿ ಕಟ್ಟುವಷ್ಟು ಸಿಹಿಯಾಗುತ್ತದೆ.

ಐಸ್ ಹಾಕುವುದನ್ನು ನಾನು ಪೂರ್ತಿಯಾಗಿ ಬಿಟ್ಟಿದ್ದೇನೆ. ಐಸ್ ಕರಗಿದರೆ ನೀರು, ಹೆಪ್ಪುಗಟ್ಟಿದ ಹಣ್ಣು ಕರಗಿದರೆ ಹಣ್ಣು. ಮಿಕ್ಸಿಯ ಚಿಕ್ಕ ಜಾರಿನಲ್ಲಿ ಗಟ್ಟಿ ಹೋಳುಗಳು ಬ್ಲೇಡಿನ ಸುತ್ತ ಸಿಕ್ಕಿಕೊಂಡು ಬರಿದೇ ಸದ್ದು ಮಾಡುವುದುಂಟು. ಹೋಳುಗಳನ್ನು ಎರಡು ಸೆಂಟಿಮೀಟರಿಗಿಂತ ದೊಡ್ಡದಾಗಿ ಕತ್ತರಿಸದೆ, ಫ್ರೀಜರಿನಿಂದ ತೆಗೆದು ಐದು ನಿಮಿಷ ಬಿಟ್ಟು, ಬಿಟ್ಟು ಬಿಟ್ಟು ತಿರುಗಿಸಿದರೆ ಸಾಮಾನ್ಯ ಮಿಕ್ಸಿಯೇ ಈ ಕೆಲಸಕ್ಕೆ ಸಾಕು.

ನನಗೆ ಒಗ್ಗಿದ ಅಳತೆ ಎರಡು ಲೋಟಕ್ಕೆ ಹೀಗಿದೆ: ಅನಾನಸ್ 200 ಗ್ರಾಂ, ಮಾವು 100 ಗ್ರಾಂ, ಗಟ್ಟಿ ತೆಂಗಿನ ಹಾಲು 120 ಮಿಲಿ ಲೀಟರ್, ಒಂದು ಚಿಟಿಕೆ ಉಪ್ಪು. ಮಾವಿನ ಸ್ವಲ್ಪ ಭಾಗವನ್ನು ಫ್ರೀಜ್ ಮಾಡದೆ ಉಳಿಸಿಕೊಂಡು ತೆಂಗಿನ ಹಾಲಿನೊಂದಿಗೆ ಮೊದಲು ರುಬ್ಬಲು ಬಳಸುತ್ತೇನೆ. ಅನಾನಸಿನ ನಡುವಿನ ದಿಂಡನ್ನು ಹಾಕುವುದಿಲ್ಲ, ಅದರ ನಾರು ಎಷ್ಟು ರುಬ್ಬಿದರೂ ಗಂಟಲಿಗೆ ಸಿಗುತ್ತದೆ. ತಣ್ಣಗಿನ ಪಾನೀಯದಲ್ಲಿ ನಾಲಿಗೆಗೆ ಸಿಹಿ ಕಡಿಮೆ ತೋರುವುದರಿಂದ ಹಣ್ಣು ಪೂರ್ಣ ಕಳಿತಿರಲೇಬೇಕು, ಹಾಗಿದ್ದರೆ ಸಕ್ಕರೆ ಬೇಡ.

ವಾರಕ್ಕೊಮ್ಮೆ ಹಣ್ಣು ತಂದು ಹೆಚ್ಚಿ ಫ್ರೀಜರಿನಲ್ಲಿಡುವುದು, ಬೆಳಿಗ್ಗೆ ರುಬ್ಬಿ ಒಂದು ಲೋಟವನ್ನು ಆಗಲೇ ಕುಡಿದು ಇನ್ನೊಂದನ್ನು ಸಂಜೆಗೆ ಇಡುವುದು ನನ್ನ ರೂಢಿ, ಅದಕ್ಕೆ ತೆಂಗಿನ ಹಾಲಲ್ಲದೆ ಬೇರೆ ದಾರಿ ನನಗೆ ಕಾಣಲಿಲ್ಲ. ಮಾಡಿದ ಕೂಡಲೇ ಕುಡಿದು ಮುಗಿಸುವವರಿಗೆ ಮೊಸರು ನಡೆಯುತ್ತದೆ. ಕೈಬಿಗಿ ಹಿಡಿದು ಖರ್ಚು ಮಾಡಬೇಕಾದ ತಿಂಗಳಲ್ಲಿ ನಾನು ತೆಂಗಿನ ಹಾಲನ್ನು ಅರ್ಧಕ್ಕಿಳಿಸಿ ಉಳಿದದ್ದಕ್ಕೆ ಫ್ರೀಜ್ ಮಾಡಿದ ಬಾಳೆಹಣ್ಣಿನ ನಾಲ್ಕು ಬಿಲ್ಲೆ ಹಾಕುತ್ತೇನೆ. ತೆರೆದ ಡಬ್ಬದಲ್ಲಿ ಉಳಿದ ತೆಂಗಿನ ಹಾಲು ಫ್ರಿಜ್‌ನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲವಾದ್ದರಿಂದ ಅದನ್ನು ಐಸ್ ಟ್ರೇಗೆ ಸುರಿದು ಗಟ್ಟಿ ಮಾಡಿಟ್ಟುಕೊಳ್ಳುತ್ತೇನೆ. ಬೇಕಾದಷ್ಟು ಗಟ್ಟಿಗಳನ್ನು ತೆಗೆದು, ಬೆಚ್ಚಗಿನ ನೀರಿನಲ್ಲಿಟ್ಟ ಬಟ್ಟಲಿನಲ್ಲಿ ಪೂರ್ತಿ ಕರಗಿಸಿ, ಚೆನ್ನಾಗಿ ಕಲಕಿ ಬಳಸಿದರೆ ಸ್ಮೂದಿಯ ನುಣುಪಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ.